ಹದಿನಾಲ್ಕು ಸೆಕೆಂಡು

ಅಜ್ಜಿಕಲ್ಲಿನ ಮೇಲೆ ಅಲೆ ಒಡೆಯಿತು. ರತ್ನಾಕರ ಗಡಿಯಾರದ ಮುಳ್ಳು ನೋಡಿಕೊಂಡ. ಎರಡನೆಯದು ಒಡೆಯಿತು, ಮೂರನೆಯದು ಒಡೆಯಿತು, ನಾಲ್ಕನೆಯದು ಬರುವಷ್ಟರಲ್ಲಿ ತಾನು ಮುಳ್ಳು ಎಲ್ಲಿದ್ದಾಗ ಎಣಿಸಲು ಸುರುಮಾಡಿದ್ದು ಎಂಬುದೇ ಮರೆತುಹೋಯಿತು. ಮತ್ತೆ ಮೊದಲಿಂದ. ಹನ್ನೊಂದು ಅಲೆ ಒಡೆಯುವುದನ್ನು ನೋಡಬೇಕು, ಮೊದಲನೆಯದರಿಂದ ಹನ್ನೊಂದನೆಯದಕ್ಕೆ ಹಿಡಿದ ಹೊತ್ತನ್ನು ಹತ್ತರಿಂದ ಭಾಗಿಸಬೇಕು, ಬಂದದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಎರಡನೆಯ ಕ್ಲಾಸಿನ ಹುಡುಗರೂ ಮಾಡಬಹುದಾದ ಕೆಲಸ. ಒಂದೂವರೆ ವರ್ಷದಿಂದ ದಿನಕ್ಕೆರಡು ಬಾರಿ ಮಾಡುತ್ತ ಬಂದದ್ದು ಹದಿಮೂರು ದಿನಗಳಿಂದ ಕೈಗೆ ಹತ್ತುತ್ತಿಲ್ಲ. ಕಣ್ಣು ಕಲ್ಲಿನ ಮೇಲೇ ಇರುತ್ತದೆ. ನೀರು ಮೊದಲು ಕಪ್ಪಗೆ ಉಬ್ಬಿ, ನೆತ್ತಿಯಲ್ಲಿ ಗಾಜಿನ ಹಾಗೆ ತೆಳುವಾಗಿ, ಆಮೇಲೆ ಇಡೀ ಉದ್ದಕ್ಕೆ ಬಿಳಿ ಕಾರಿಕೊಂಡು ಬೀಳುವುದನ್ನು ಅದು ನೋಡುತ್ತದೆ. ಆದರೆ ಹಾಗೆ ಬೀಳುವಾಗೆಲ್ಲ ಅದರೊಳಗೆ ಏನೋ ಒಂದು ಕಂಡ ಹಾಗಾಗಿ ಎಣಿಕೆ ತಪ್ಪುತ್ತದೆ. ಏನೂ ಇರುವುದಿಲ್ಲ. ನೀರು ಹಿಂದೆ ಸರಿದಾಗ ಪಾಚಿ ಹಿಡಿದ ಕಲ್ಲಿನ ಬೆನ್ನು ಒಂದು ಕ್ಷಣ ಹೊರಗೆ ಬರುತ್ತದೆ, ಅಷ್ಟೆ.

ಹೊಳೆಬಾಗಿಲು ಗಂಗೊಳ್ಳಿಯಷ್ಟು ದೊಡ್ಡ ಊರಲ್ಲ. ಹೊಳೆ ಕಡಲಿಗೆ ಬೀಳುವ ಅಳಿವೆ, ಅದರ ಎದುರಿಗೆ ಕಾಲು ಮೈಲಿ ಆಚೆ ನೀರೊಳಗೆ ಅಡಗಿದ ಅಜ್ಜಿಕಲ್ಲು, ದಡದಲ್ಲಿ ಮೊಗವೀರರ ನಲವತ್ತು ಮನೆ. ಇಲ್ಲೊಂದು ಬಂದರು ಕಟ್ಟಬಹುದೇ ಎಂದು ನೋಡಲು ಸರಕಾರಕ್ಕೆ ಅಲೆಗಳ ಲೆಕ್ಕ ಬೇಕಾಗಿತ್ತು. ಬೀಜಾಡಿಯ ರತ್ನಾಕರ ಐತಾಳ, ಮೂವತ್ತೆಂಟು ವಯಸ್ಸಿಗೆ ಅದುವರೆಗೆ ಯಾವ ಕೆಲಸದಲ್ಲೂ ನಿಲ್ಲದವನು, ಆ ಲೆಕ್ಕ ಬರೆಯಲು ಬಂದ. ಗುಡ್ಡದ ಮೇಲೆ ಒಂದು ಸೋಗೆಯ ಗುಡಿಸಲು, ಒಂದು ಕಂಬ, ಎರಡು ಬಾವುಟ. ಇಂಜಿನಿಯರು ಬಂದು ಹೋಗುವಾಗ, ಹೇಗೂ ಇಲ್ಲೇ ಇರುತ್ತೀರಿ, ದೋಣಿಯವರಿಗೂ ಉಪಕಾರವಾಗಲಿ ಎಂದು ಒಂದು ನಿಯಮ ಹೇಳಿಕೊಟ್ಟಿದ್ದರು: ಅಲೆಯಿಂದ ಅಲೆಗೆ ಹನ್ನೆರಡು ಸೆಕೆಂಡಿಗಿಂತ ಹೆಚ್ಚಾದರೆ ಕೆಂಪು ಏರಿಸಬೇಕು, ಕಡಿಮೆಯಿದ್ದರೆ ಬಿಳಿ. ಗಾಳಿಯಿಂದ ಎದ್ದ ಅಲೆ ಗಡಿಬಿಡಿಯದು, ಆರು ಏಳು ಸೆಕೆಂಡಿಗೊಂದು ಬಂದು ಹೋಗುತ್ತದೆ. ಹೆದರಬೇಕಾದದ್ದು ಸಾವಕಾಶ ಬರುವುದಕ್ಕೆ. ಎಲ್ಲೋ ಸಾವಿರಾರು ಮೈಲಿ ತೆಂಕಿನಲ್ಲಿ ಎದ್ದ ಬಿರುಗಾಳಿಯ ಅಲೆ ಅದು. ಇಲ್ಲಿ ಆಕಾಶ ಶುಭ್ರವಾಗಿರುತ್ತದೆ, ಒಂದು ತೆಂಗಿನ ಗರಿ ಅಲ್ಲಾಡುವುದಿಲ್ಲ, ನೀರು ಕಾಲಿಗೆ ಬೆಚ್ಚಗೆ ಹಿತವಾಗಿ ತಾಗುತ್ತದೆ, ಆಳದಲ್ಲಿ ಹೋಗುವಾಗ ಅಲೆ ಇದೆಯೆಂದೇ ಗೊತ್ತಾಗುವುದಿಲ್ಲ. ಕಲ್ಲು ಸಿಕ್ಕಿದಾಗ ಮಾತ್ರ ಎದ್ದು ನಿಲ್ಲುತ್ತದೆ.

ಊರಿನವರು ಅವನಿಗೆ ಅಲೆ ಭಟ್ರು ಎಂದು ಹೆಸರಿಟ್ಟರು. ಅದೇನು ದೊಡ್ಡದಲ್ಲ, ಹೆಸರಿಡುವುದು ಎಲ್ಲ ಊರಲ್ಲೂ ಇದೆ. ಆದರೆ ಹೋದ ವರ್ಷ ಕಾರ್ತಿಕದ ಹೊತ್ತಿಗೆ ಮೂರು ಸಲ ಅವನು ಕೆಂಪು ಏರಿಸಿದ, ಮೂರು ಸಲವೂ ಕಡಲು ಮಧ್ಯಾಹ್ನದೊಳಗೆ ಬೆಣ್ಣೆಯ ಹಾಗಾಯಿತು. ಎರಡನೆಯ ಸಲ ಕೆಲವರು ಅವನ ಮಾತು ಕೇಳಿ ದಡದಲ್ಲಿ ಉಳಿದಿದ್ದರು. ಹೋದವರು ದೋಣಿ ತುಂಬ ಬಂಗುಡೆ ತಂದರು. ಮೂರನೆಯ ಸಲ ಕೆಂಪು ಏರಿದ ದಿನ ಚಾ ಅಂಗಡಿಯಲ್ಲಿ ಮಂಜ, ಎರಡು ದೋಣಿಯ ಯಜಮಾನ, ಅಗಲ ಎದೆಯ, ದೊಡ್ಡ ಗಂಟಲಿನ ಮನುಷ್ಯ, ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದ: "ಹ್ವಾಯ್ ಐತಾಳ್ರೇ, ಗುಡ್ಡಿ ಮೇಲೆ ಹೆಂಡ್ತಿ ಸೀರಿ ಒಣ್ಗುಕೆ ಹಾಕಿರ್ಯಾ?" ಇಡೀ ಅಂಗಡಿ ನಕ್ಕಿತು. ರತ್ನಾಕರನೂ ನಕ್ಕ. ನಗದಿದ್ದರೆ ಸೋತ ಹಾಗೆ ಎಂದು ನಕ್ಕದ್ದು. ಆ ನಗು ಬಾಯಲ್ಲೇ ಹುಳಿಯಾಗಿ ಉಳಿದು, ಮನೆಗೆ ಬಂದು ಹೆಂಡತಿ ಗಿರಿಜಾ ಬಡಿಸಿದ ಅನ್ನಕ್ಕೆ ಉಪ್ಪಿಲ್ಲವೆಂದು ತಟ್ಟೆ ದೂಡಿದ. ಅನ್ನಕ್ಕೆ ಯಾರು ಉಪ್ಪು ಹಾಕುತ್ತಾರೆ? ಅವಳು ತಟ್ಟೆ ಎತ್ತಿಕೊಂಡು ಹೋದದ್ದು ಅವನಿಗೆ ಈಗಲೂ ನೆನಪಾಗುತ್ತದೆ. ಆ ದಿನದಿಂದ ಕಂಬದ ಮೇಲೆ ಹೆಚ್ಚಾಗಿ ಬಿಳಿಯೇ ಹಾರಿತು. ಹನ್ನೆರಡೂವರೆ ಬಂದರೆ ಹನ್ನೆರಡೆಂದು ಬರೆದ, ಹದಿಮೂರು ಬಂದರೆ ಮತ್ತೊಮ್ಮೆ ಎಣಿಸಿ ಕಡಿಮೆ ಬಂದದ್ದನ್ನು ಬರೆದ. ಏನೂ ಆಗಲಿಲ್ಲ. ಏನೂ ಆಗದಿರುವುದು ಎಷ್ಟು ಸುಲಭವಾಗಿ ಅಭ್ಯಾಸವಾಗುತ್ತದೆ.

ಗುಡ್ಡ ಹತ್ತಿ ಬಂದು ಇದೇನೆಂದು ಕೇಳಿದವನು ಊರಲ್ಲಿ ಒಬ್ಬನೇ, ಪಾಂಡು. ಶಿರೂರಿನವನು, ಮಂಜನ ತಂಗಿ ಗುಣವತಿಯನ್ನು ಮದುವೆಯಾಗಿ ಅವರ ಮನೆಗೇ ಬಂದು ಇದ್ದವನು. ಹೆಂಡತಿ ಮನೆಯಲ್ಲಿರುವ ಗಂಡಸಿನ ನಡಿಗೆಯಲ್ಲಿ ಒಂದು ಸಂಕೋಚವಿರುತ್ತದೆ, ಪಾದ ಪೂರ್ತಿ ನೆಲಕ್ಕೆ ಊರದ ಹಾಗೆ. ಅದನ್ನು ರತ್ನಾಕರ ಗುರುತಿಸಿದ್ದ, ಏಕೆಂದರೆ ಈ ಊರಲ್ಲಿ ತನ್ನದೂ ಹಾಗೇ. "ಅಯ್ಯಾ, ಎಂತ ಲೆಕ್ಕ ಅದ್? ನಂಗೂ ಒಂದ್ಸಲ ತೋರ್ಸಿ" ಎಂದು ಪಾಂಡು ಮಣ್ಣಿನ ಮೇಲೆ ಕೂತ. ಇಬ್ಬರೂ ಒಟ್ಟಿಗೆ ಎಣಿಸಿದರು. ಪಾಂಡು ತುಟಿಯಲ್ಲೇ ಹೇಳಿಕೊಳ್ಳುತ್ತ, ಬೆರಳು ಮಡಚುತ್ತ, ಹನ್ನೊಂದನೆಯದಕ್ಕೆ ಬಂದಾಗ ಗೆದ್ದವನ ಹಾಗೆ ಮುಖ ತಿರುಗಿಸಿದ. ಸಾವಕಾಶ ಬರುವ ಅಲೆಯ ವಿಷಯ ಕೇಳಿ, "ಅಂದ್ರೆ ಮೆಲ್ಲಗ್ ಬಪ್ದೇ ದೊಡ್ಡದ್, ಅಲ್ದಾ? ನಮ್ಮ ಶಿರೂರ್ ಬದಿ ಅಜ್ಜಂದಿರ್ ಹಾಂಗೆ ಹೇಳ್ತಿದ್ರ್, ಎಂತಕ್ಕೆ ಅಂದೇಳಿ ಗೊತ್ತಿರ್ಲಿಲ್ಲೆ" ಎಂದ. ಆ ಸಂಜೆ ರತ್ನಾಕರನಿಗೆ ತನ್ನ ಕೆಲಸದ ಬಗ್ಗೆ, ಮೊದಲ ಸಲ, ಕೊನೆಯ ಸಲವೂ ಹೌದು, ಒಂದು ಬಗೆಯ ಹೆಮ್ಮೆಯಾಗಿತ್ತು.

ಹದಿಮೂರು ದಿನದ ಹಿಂದಿನ ಆ ಬೆಳಿಗ್ಗೆಯೂ ಇಂದಿನ ಹಾಗೇ ಇತ್ತು. ಮೇ ತಿಂಗಳ ಸೆಕೆ ಆರೂವರೆಗೇ ಬೆನ್ನು ಒದ್ದೆ ಮಾಡುತ್ತಿತ್ತು, ಗಾಳಿಯೇ ಇಲ್ಲ. ಕಡಲು ಎಣ್ಣೆ ಸವರಿದಂತೆ ನುಣ್ಣಗಿತ್ತು. ಎಣಿಸಿದ: ಹದಿನಾಲ್ಕು. ಮತ್ತೆ ಎಣಿಸಿದ: ಹದಿನಾಲ್ಕು. ಮೂರನೆಯ ಸಲ ಬೇಕೆಂದೇ ಗಡಿಬಿಡಿಯಲ್ಲಿ ಎಣಿಸಿದ, ಆದರೂ ಹದಿನಾಲ್ಕಕ್ಕಿಂತ ಕಡಿಮೆಯಾಗಲಿಲ್ಲ. ಅಜ್ಜಿಕಲ್ಲಿನ ಮೇಲೆ ಅಲೆ ಒಡೆಯುವ ಸದ್ದು ಬೇರೆಯಾಗಿತ್ತು, ಬಡಿತವಲ್ಲ, ದೊಡ್ಡ ಮನೆಯ ಬಾಗಿಲನ್ನು ಯಾರೋ ಒಳಗಿನಿಂದ ಮುಚ್ಚಿದ ಹಾಗೆ. ಕೆಂಪು ಬಾವುಟ ಕೈಗೆ ತೆಗೆದುಕೊಂಡ. ಕೆಳಗೆ ದೋಣಿಗಳ ಹತ್ತಿರ ಮಂಜ ನಿಂತಿದ್ದ, ಸುತ್ತ ಏಳೆಂಟು ಮಂದಿ. ಅವರಲ್ಲಿ ಒಬ್ಬ ಗುಡ್ಡದ ಕಡೆ ಕೈ ತೋರಿಸಿದ, ಉಳಿದವರು ತಲೆಯೆತ್ತಿದರು, ಮಂಜ ಏನೋ ಹೇಳಿದ, ಎಲ್ಲರೂ ನಕ್ಕರು. ಅಷ್ಟು ದೂರದಿಂದ ನಗುವಿನ ಸದ್ದು ಕೇಳುವುದಿಲ್ಲ. ಭುಜ ಅಲ್ಲಾಡುವುದು ಮಾತ್ರ ಕಾಣುತ್ತದೆ. ಅವರು ಬೇರೆ ಏನಕ್ಕೋ ನಕ್ಕಿರಬಹುದು. ರತ್ನಾಕರ ಕೆಂಪನ್ನು ಮಡಚಿಟ್ಟು ಬಿಳಿಯನ್ನು ಹಗ್ಗಕ್ಕೆ ಕಟ್ಟಿದ. ಪುಸ್ತಕದಲ್ಲಿ ಎಂಟು ಎಂದು ಬರೆದ. ಹನ್ನೆರಡೆಂದಾದರೂ ಬರೆಯಬಹುದಿತ್ತು, ಸುಳ್ಳು ಬರೆಯುವುದೇ ಆದರೆ ಸರಿಯಾಗಿ ಬರೆಯೋಣ ಎಂದು ಕೈ ತಾನೇ ಎಂಟು ಬರೆಯಿತು.

ಮಧ್ಯಾಹ್ನ ಮಂಜನ ಒಂದು ದೋಣಿ ಹಿಂದೆ ಬರುವಾಗ ಅಜ್ಜಿಕಲ್ಲಿನ ಪಕ್ಕದಲ್ಲಿ ಮಗುಚಿತು. ಚುಕ್ಕಾಣಿಯಲ್ಲಿದ್ದವನು ಪಾಂಡು. ನಾಲ್ಕು ಮಂದಿ ಈಜಿ ದಡ ಸೇರಿದರು, ಸೋಮ ಎಂಬ ಹುಟ್ಟು ಹಾಕುವವನು ಕಲ್ಲಿಗೆ ಬಡಿದು ಸೊಂಟ ಮುರಿದುಕೊಂಡ, ಪಾಂಡು ಬರಲಿಲ್ಲ. ದಡದಲ್ಲಿ ಬೊಬ್ಬೆ ಎದ್ದಾಗ ರತ್ನಾಕರ ಊಟಕ್ಕೆ ಕೂತಿದ್ದ. ಬೊಬ್ಬೆ ಏನೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿಯೂ ಮಜ್ಜಿಗೆ ಹಾಕಿಸಿಕೊಂಡ, ಕಲಸಿದ, ಪೂರ್ತಿ ಉಂಡ. ಆಮೇಲೆ ಎದ್ದು ಕೈ ತೊಳೆದು ಓಡಿದ. ಮೂರನೆಯ ದಿನ ಬಡಗು ಬದಿಯ ಮರಳಿನಲ್ಲಿ ಹೆಣ ಸಿಕ್ಕಿತೆಂದಾಗ ಜನರ ಹಿಂದೆ ನಿಂತು ನೋಡಿದ್ದ. ಕಂಡದ್ದು ಎರಡು ಅಂಗಾಲು ಮಾತ್ರ. ನೀರಲ್ಲಿ ನೆನೆದು ಬೆಳ್ಳಗಾಗಿ, ಸುಕ್ಕುಗಟ್ಟಿ, ತುಂಬ ಹೊತ್ತು ಬಟ್ಟೆ ಒಗೆದ ಹೆಂಗಸಿನ ಅಂಗೈ ಇದ್ದ ಹಾಗೆ ಇದ್ದವು.

ಇವತ್ತು ಪಾಂಡುವಿನ ಬೊಜ್ಜ, ಸತ್ತವನ ಹೆಸರಿನ ಊಟ. ಮಂಜ ತಾನೇ ಬಂದು ಕರೆದು ಹೋಗಿದ್ದ, ಸೊಂಟ ಬಗ್ಗಿಸಿ, ಮರ್ಯಾದೆಯಿಂದ. "ನೀವ್ ಉಂಬುದ್ ಇಲ್ಲೆ, ಗೊತ್ತಿತ್ತ್. ಒಂದ್ ಗಳಿಗಿ ಬಂದ್ ಕೂತ್ಕಂಡ್ ಹೋದ್ರೆ ಆಯ್ತ್. ಊರಿನರೆಲ್ಲ ಬತ್ರ್." ಗಿರಿಜಾಳಿಗೆ ಅವನು ಹೋಗುವುದು ಇಷ್ಟವಿರಲಿಲ್ಲ. "ಹದಿಮೂರ್ ದಿನದಿಂದ ನೀವ್ ಒಂದ್ ರಾತ್ರಿ ಸಮಾ ನಿದ್ರಿ ಮಾಡ್ಲಿಲ್ಲೆ. ಅಲ್ಲಿ ಹೋಯಿ ಮತ್ತೆ ಎಂತ ಕಾಂಬುಕಿತ್ತ್?" ಎಂದಳು. ಅವನು ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೊರಟಿದ್ದ. ಏನು ಹೇಳಬೇಕು, ಯಾರಿಗೆ ಹೇಳಬೇಕು ಎಂದು ಯೋಚಿಸಿರಲಿಲ್ಲ. ಹೇಳಿದ ಮೇಲೆ ಜನ ಹೊಡೆಯಬಹುದು, ಹೊಡೆದರೆ ಒಳ್ಳೆಯದೆಂದು ಅನಿಸುತ್ತಿತ್ತು. ಹೆಗಲ ಮೇಲಿನ ಬೈರಾಸು ತಲೆಗೆ ಹಾಕಿಕೊಂಡು ಬಿಸಿಲಲ್ಲಿ ಗುಡ್ಡ ಇಳಿದ.

ಮಂಜನ ಮನೆಯಂಗಳದಲ್ಲಿ ಚಪ್ಪರದ ಕೆಳಗೆ ಗಂಡಸರು ಚಾಪೆಯ ಮೇಲೆ ಕೂತಿದ್ದರು. ಅವನು ಬಂದದ್ದು ಕಂಡು ಇಬ್ಬರು ಎದ್ದರು. ಅವನಿಗಾಗಿ ಒಂದು ಮರದ ಕುರ್ಚಿ ಬಂತು, ಎಲ್ಲರೂ ನೆಲದಲ್ಲಿ ಕೂತಲ್ಲಿ ತಾನೊಬ್ಬ ಎತ್ತರದಲ್ಲಿ ಕೂರಬೇಕಾಯಿತು. ಗುರಿಕಾರ ದುಗ್ಗಪ್ಪ, ಎಪ್ಪತ್ತು ದಾಟಿದ ಊರ ಹಿರಿಯ, ಕಿವಿಯಲ್ಲಿ ಒಂಟಿ, ಕೈ ಮುಗಿದು, "ಬನಿ ಐತಾಳ್ರೇ, ನೀವ್ ಬಂದದ್ ದೊಡ್ಡದ್" ಎಂದ. ರತ್ನಾಕರ ಈಗಲೇ ಎಂದುಕೊಂಡ. "ದುಗ್ಗಪ್ಪ, ಅವತ್ತ್ ಬಾವುಟ..." ಎಂದು ಸುರುಮಾಡಿದ. ಮಂಜ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನು ಅವನ ಭುಜದ ಮೇಲೆ ಕೈಯಿಟ್ಟ. ಮುಟ್ಟಬಾರದೆಂಬುದು ದುಃಖದಲ್ಲಿ ಮರೆತಿತ್ತೇನೋ, ಅಥವಾ ಮರೆತಂತೆ ಮಾಡಿದನೇನೋ. "ನೀವ್ ಎಂತಕ್ಕೆ ಮನ್ಸಿಗ್ ಹಚ್ಕಂತ್ರಿ ಮರಾಯ್ರೆ? ನಿಮ್ಮ ಬಾವುಟ ಕಂಡ್ಕಂಡ್ ನಾವ್ ಕಡ್ಲಿಗ್ ಹೋಪ್ದಾ? ನಮ್ಮ ಅಜ್ಜಂದಿರ್ ಯಾವ ಬಾವುಟ ಕಂಡಿರ್?" ಎಂದ. ಬೊಜ್ಜದ ಮನೆಯೆಂದು ಯಾರೂ ಗಟ್ಟಿಯಾಗಿ ನಗಲಿಲ್ಲ. ಆದರೂ ಚಾಪೆಯ ಉದ್ದಕ್ಕೆ ಏನೋ ಒಂದು ಸಣ್ಣಗೆ ಹರಿದುಹೋಯಿತು, ಮೀಸೆಯ ಕೆಳಗೆ, ಕಣ್ಣಿನ ತುದಿಯಲ್ಲಿ. ಒಬ್ಬ ಕರುಣೆಯಿಂದ ಅವನ ಕಡೆ ನೋಡಿದ. ರತ್ನಾಕರನಿಗೆ ಮೊದಲು ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಅದು ಇಳಿದ ಜಾಗದಲ್ಲಿ ಮುಖಕ್ಕೆ ರಕ್ತ ಏರಿತು. ಹಾಗಾದರೆ ತನ್ನ ತಪ್ಪಿಗೂ ಬೆಲೆಯಿಲ್ಲ. ಹದಿಮೂರು ರಾತ್ರಿ ತಾನು ಬೆಂದದ್ದು ಒಂದು ಒಣಗಲು ಹಾಕಿದ ಸೀರೆಗೆ.

ಗುಣವತಿಯ ತಾಯಿ, ಕಣ್ಣು ಮಂಜಾದ ಮುದುಕಿ, ಎಳನೀರಿನ ಬೊಂಡ ಕೆತ್ತಿಸಿ ಇಟ್ಟಿದ್ದೇನೆಂದು ಪಕ್ಕದ ಜಗಲಿಯ ಚಿಟ್ಟೆಗೆ ಕರೆದಳು. ಅಲ್ಲಿ ಬಾಗಿಲ ಒಳಗೆ, ನೆರಳಿನಲ್ಲಿ, ಗೋಡೆಗೊರಗಿ ಗುಣವತಿ ಕೂತಿದ್ದಳು. ಏಳೆಂಟು ತಿಂಗಳಿನ ಬಸುರಿ, ಕಾಲು ಚಾಚಿಕೊಂಡಿದ್ದಳು. ಅವನನ್ನು ಕಂಡು ಮಡಚಲು ಹೋದಳು, ಆಗಲಿಲ್ಲ. ತಾಯಿ ಬೊಂಡವನ್ನು ಅವನ ಕೈಗಿತ್ತು ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು:

"ಅಯ್ಯಾ, ಅಣ್ಣ ಹೇಳ್ದ್ ಕೇಣ್ತ್. ನಿಮ್ಮ ಬಾವುಟ ಯಾರೂ ಕಾಂತಿರ್ಲಿಲ್ಲೆ, ಹೌದ್. ಅವ್ರ್ ಕಾಂತಿದ್ರ್."

ರತ್ನಾಕರನ ಕೈಯಲ್ಲಿ ಬೊಂಡ ಹಾಗೇ ಉಳಿಯಿತು.

"ದಿನಾ ಬೆಳಿಗ್ಗೆ ಬಾವಿಕಟ್ಟಿ ಹತ್ರ ನಿಂತ್ಕಂಡ್ ಗುಡ್ಡಿ ಬದಿ ಕಾಂತಿದ್ರ್. ಅಣ್ಣ ತಮಾಷಿ ಮಾಡ್ತಿದ್ದ. ಅವತ್ತ್ ಅವ್ರಿಗೆ ಎಂತದೋ ಸಮಾ ಕಾಣ್ಲಿಲ್ಲೆ. ಕಡ್ಲ್ ಮೆಲ್ಲಗೆ ಉಸ್ರ್ ಬಿಡ್ತಿತ್ತ್, ಇವತ್ತ್ ಬ್ಯಾಡ ಅಂದ್ರ್. ಅಣ್ಣ ಹೆದ್ರುಪುಕ್ಲ ಅಂದ. ಇವ್ರ್ ಹೊರಗೆ ಹೋಯಿ ಕಂಡ್ಕಂಡ್ ಬಂದ್ರ್. 'ಐತಾಳ್ರ್ ಬಿಳಿ ಹಾಕಿರ್, ಹಾಂಗಾರೆ ನಾನೇ ತಪ್ಪ್' ಅಂದ್ರ್. ಹೋದ್ರ್."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದನ್ನೇ ಅವನು ಹುಡುಕುತ್ತಿದ್ದ, ಸಿಗಲಿಲ್ಲ. ಅವಳಿಗೆ ಬೇಕಾದದ್ದು ಬೇರೆಯಿತ್ತು. "ಈಗ ಎಲ್ಲ ಹೇಳ್ತ್ರ್, ಕಡ್ಲ್ ಸಮಾ ಇದ್ದಿತ್ತ್, ಚುಕ್ಕಾಣಿ ಹಿಡುಕೆ ತಿಳೀದೆ ಇವ್ರೇ ದೋಣಿ ಮಗುಚಿದ್ರ್, ಸೋಮನ ಸೊಂಟ ಮುರಿದ್ರ್ ಅಂದೇಳಿ. ಸೋಮನ ಅಣ್ಣ ಹೊರಗೆ ಕೂತಿದ್ದ. ಇವತ್ತೇ ತೀರ್ಮಾನ ಆಯ್ಕ್ ಅಂಬ್ರ್. ನಾಳೆ ಹುಟ್ಟುದಕ್ಕೆ ಜನ ಎಂತ ಹೇಳ್ತ್ರ್? ನೀವ್ ಗುಡ್ಡಿ ಮೇಲಿಂದ ಕಂಡಿರಿ. ಪುಸ್ತಕದಂಗೆ ಬರ್ದಿರಿ. ಕಡ್ಲ್ ಕೆಟ್ಟಿತ್ತ್ ಅಂದೇಳಿ ಒಂದ್ ಮಾತ್ ಹೇಳಿ ಅಯ್ಯಾ. ನಿಮ್ಮ ಮಾತ್ ಕೇಂತ್ರ್."

"ಹೇಳ್ತೆ" ಎಂದ ರತ್ನಾಕರ. ಹೇಳಿದ್ದು ತನ್ನ ಬಾಯೇ ಎಂದು ಅವನಿಗೆ ಆಶ್ಚರ್ಯವಾಯಿತು. "ಖಂಡಿತ ಹೇಳ್ತೆ."

ಬೊಂಡದ ನೀರು ಕುಡಿದ. ಬಿಸಿಲಿಗೆ ಕಾದು ಬೆಚ್ಚಗಾಗಿತ್ತು, ಸ್ವಲ್ಪ ಉಪ್ಪುಪ್ಪಾಗಿತ್ತು. ಅಂಗಳಕ್ಕೆ ಬಂದು ಕುರ್ಚಿಯಲ್ಲಿ ಕೂತಾಗ ಅಲ್ಲಿ ಮಾತು ಬಿಗಿದಿತ್ತು. ಸೋಮನ ಅಣ್ಣ, ಒಣಕಲು ಮೈಯ ನಡುವಯಸ್ಸಿನವನು, ಚಾಪೆಯ ತುದಿಯಲ್ಲಿ ಎಲ್ಲರಿಂದ ಮೊಳದಷ್ಟು ದೂರ ಕೂತು ನೆಲ ನೋಡುತ್ತ ಹೇಳುತ್ತಿದ್ದ: "ನಮ್ಮ ಸೋಮ ಇನ್ನ್ ಏಳುದಿಲ್ಲೆ. ಮಗ್ಗುಲ್ ತಿರ್ಗುಕೂ ಇಬ್ರ್ ಬೇಕ್. ನಂಗೆ ಬೇರೆ ಎಂತ ಬ್ಯಾಡ. ಕಡ್ಲ್ ಕೆಟ್ಟಿತ್ತಾ, ಚುಕ್ಕಾಣಿಯವ ಕೆಟ್ಟನಾ, ಅದೊಂದ್ ಹೇಳಿ. ಕಡ್ಲ್ ಕೆಟ್ಟಿದ್ರೆ ಆ ದಿನ ಕಳ್ಸಿದವ ಮಂಜ, ಅವ ಹೇಳ್ಲಿ. ಹೇಳದೆ ಇದ್ರೆ ಈ ಮನ್ಯಂಗೆ ಎಲಿ ಮುಂದೆ ಕೂರುದಿಲ್ಲೆ."

"ಕಡ್ಲ್ ಸಮಾ ಇದ್ದಿತ್ತ್ ಅಂದೇಳಿ ನೂರ್ ಸಲ ಹೇಳಿದೆ" ಎಂದ ಮಂಜ. ಅವನ ದೊಡ್ಡ ಗಂಟಲು ಒಡೆದಿತ್ತು. ರತ್ನಾಕರ ಅವನ ಕಡೆ ನೋಡಿದ, ಮೊದಲ ಸಲ ಅವನನ್ನು ಕಂಡ ಹಾಗೆ. ಇವನೂ ಹದಿಮೂರು ದಿನದಿಂದ ನಿದ್ದೆ ಮಾಡಿಲ್ಲ. ಕಡಲು ಕೆಟ್ಟಿದ್ದು ಇವನಿಗೂ ಗೊತ್ತು. "ಕಾಣಿ, ಇಲ್ಲೇ ಕೂತಿದ್ರ್ ಐತಾಳ್ರ್. ಸರ್ಕಾರದ ಪುಸ್ತಕ ಅವ್ರ ಹತ್ರ ಇತ್ತ್. ಅವ್ರನ್ನೇ ಕೇಣಿ."

ಎಲ್ಲರ ಮುಖ ತಿರುಗಿತು. ನೆಲದಿಂದ ಮೇಲಕ್ಕೆತ್ತಿದ ಮೂವತ್ತು ಮುಖ. ಒಂದೂವರೆ ವರ್ಷದಲ್ಲಿ ಈ ಊರು ಅವನ ಕಡೆ ಹೀಗೆ ನೋಡಿರಲಿಲ್ಲ, ಅವನ ಬಾಯಿಂದ ಬರುವುದಕ್ಕೆ ಕಾದಿರಲಿಲ್ಲ. ದುಗ್ಗಪ್ಪ ಕೇಳುವ ಕಿವಿಯನ್ನು ಮುಂದೆ ಮಾಡಿ, "ಐತಾಳ್ರೇ, ನೀವ್ ಓದಿದರ್, ನಿಮ್ಗೆ ಯಾರೂ ನೆಂಟ್ರಲ್ಲ, ಯಾರೂ ಶತ್ರು ಅಲ್ಲ. ಅವತ್ತ್ ಬೆಳಿಗ್ಗೆ ನಿಮ್ಮ ಪುಸ್ತಕದಂಗೆ ಎಂತ ಬರ್ದಿತ್ತ್?" ಎಂದ.

ಪುಸ್ತಕದಲ್ಲಿ ಬರೆದದ್ದು ಎಂಟು. ಕೇಳಿದ್ದು ಪುಸ್ತಕದ್ದನ್ನು, ಕಡಲಿನದ್ದನ್ನಲ್ಲ ಎಂಬ ಒಂದು ಸಣ್ಣ ಸಂದು ಅವನಿಗೆ ಕಂಡಿತು, ಇಲಿಗೆ ಗೋಡೆಯಲ್ಲಿ ಕಾಣುವ ಹಾಗೆ. ಕಡಲು ಕೆಟ್ಟಿತ್ತು ಎಂದರೆ, ಬಿಳಿ ಯಾಕೆ ಹಾಕಿದಿರಿ ಎನ್ನುತ್ತಾರೆ. ಹೆದರಿ ಎನ್ನಬೇಕು. ಯಾರಿಗೆ ಹೆದರಿ? ನೀವು ನಗುತ್ತೀರೆಂದು ಹೆದರಿ. ಆಗ ಇವರು ನಗಲಿಕ್ಕಿಲ್ಲ. ನಗದೆ ನೋಡುತ್ತಾರೆ, ಈ ಮೂವತ್ತು ಮುಖ, ಹೀಗೇ. ಬಾಗಿಲ ಕಡೆ ಕಣ್ಣು ಹೋಯಿತು. ಅಲ್ಲಿ ನೆರಳಿನಲ್ಲಿ ಚಾಚಿದ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು.

"ಎಂಟ್" ಎಂದ ರತ್ನಾಕರ.

"ಎಂಟ್ ಅಂದ್ರೆ?"

"ಅಂದ್ರೆ... ಸಮಾ ಇದ್ದಿತ್ತ್. ಬಿಳಿ ಹಾಕುವಷ್ಟ್ ಸಮಾ ಇದ್ದಿತ್ತ್."

ಚಪ್ಪರದ ಕೆಳಗೆ ಒಂದೇ ಉಸಿರು ಬಿಟ್ಟ ಹಾಗಾಯಿತು. ಮಂಜ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆಯೇ, ಸಮಾಧಾನವೇ, ಎರಡೂ ಒಂದೇಯೇ. ಸೋಮನ ಅಣ್ಣ, "ಹಾಂಗಾರೆ ಪಾಂಡುದೇ ತಪ್ಪ್. ಸತ್ತವನ ಮೇಲೆ ನಾನ್ ಎಂತ ಹಗೆ ಸಾಧ್ಸುದ್. ಆಯ್ತ್, ಬಿಡಿ" ಎಂದ. ದುಗ್ಗಪ್ಪ, ಸತ್ತವನಿಗೆ ಒಳ್ಳೆಯದಾಗಲಿ, ಉಳಿದವರು ಒಂದಾಗಿರಲಿ ಎಂದು ಗುರಿಕಾರರು ಹೇಳಬೇಕಾದ ಮಾತು ಹೇಳಿದ. ಎಲೆ ಹಾಕಿ ಎಂದು ಯಾರೋ ಕೂಗಿದರು. ರತ್ನಾಕರ ಕುರ್ಚಿಯಿಂದ ಎದ್ದ. ಕೈ ಮುಗಿದ, ಯಾರಿಗೆಂದಿಲ್ಲದೆ. ಬಾಗಿಲಲ್ಲಿ ಪಾದಗಳು ಇರಲಿಲ್ಲ.

ಬೇಲಿಯ ದಣಪೆ ದಾಟಿ ಇಪ್ಪತ್ತು ಹೆಜ್ಜೆ ನಡೆದಿರಬೇಕು. ಮುಂದೆ ಹೋಗಲು ಕಾಲು ಬರಲಿಲ್ಲ. ಬೇಲಿಯ ಹೊರಗಿನಿಂದಲೇ ಬಳಸಿ ಮನೆಯ ಹಿಂದಕ್ಕೆ ಬಂದ. ಒಣಮೀನಿನ ಬುಟ್ಟಿಗಳ ಪಕ್ಕ, ಒಗೆಯುವ ಕಲ್ಲಿನ ಮೇಲೆ, ಗುಣವತಿ ಕೂತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಅಳುತ್ತಿರಲಿಲ್ಲ. ಕೋಳಿಯೊಂದು ಅವಳ ಕಾಲಬುಡದಲ್ಲಿ ಕೆದಕುತ್ತಿತ್ತು.

"ಹದಿನಾಲ್ಕ್ ಇದ್ದಿತ್ತ್" ಎಂದ ರತ್ನಾಕರ. ಮಾತುಗಳು ಒಂದರ ಮೇಲೊಂದು ಬಿದ್ದವು. "ಮೂರ್ ಸಲ ಎಣ್ಸಿದೆ. ಕೆಂಪ್ ಕೈಯಂಗೇ ಹಿಡ್ಕಂಡಿದ್ದೆ. ಕೆಳಗೆ ನೆಗಾಡ್ತಿದ್ರ್. ಹಾಂಗಾಯಿ ಬಿಳಿ ಹಾಕಿದೆ. ಪಾಂಡುದ್ದ್ ಎಂತ ತಪ್ಪಿಲ್ಲೆ. ನಾನೇ."

ಅವಳು ತಲೆಯೆತ್ತಿ ನೋಡಿದಳು. ಅವನು ಕಾದ. ಅವಳು ಕಿರುಚಬಹುದು, ಶಾಪ ಹಾಕಬಹುದು, ಹತ್ತಿರ ಬಿದ್ದಿದ್ದ ಕತ್ತಿ ಎತ್ತಬಹುದು. ಅದಕ್ಕೆಲ್ಲ ತಾನು ತಯಾರಿದ್ದೇನೆ ಎಂಬುದು ಅವನಿಗೆ ಒಂದು ಬಗೆಯ ಧೈರ್ಯ ಕೊಡುತ್ತಿತ್ತು.

"ಇದನ್ನ್ ನಂಗೆಂತಕ್ಕೆ ಹೇಳ್ತ್ರಿ?" ಎಂದಳು. ನಿಜವಾಗಿ ತಿಳಿಯದೆ ಕೇಳಿದವಳ ಹಾಗೆ. "ಅವ್ರ್ ಎಂಥವ್ರ್ ಅಂದೇಳಿ ನಂಗೆ ಗೊತ್ತಿತ್ತ್. ಗೊತ್ತಿಲ್ಲದವ್ರ್ ಅಲ್ಲಿ ಕೂತಿದ್ರ್. ಅಲ್ಲಿ ಹೇಳಿ."

"ಹೇಳ್ತೆ."

"ನಂಗೆ ಹೇಳ್ದ್ರೆ ನಿಮ್ಗೊಂದ್ ಹಗುರ ಆತ್ತ್. ನಂಗೆಂತ ಆತ್ತ್?"

ಕೋಳಿ ಬುಟ್ಟಿಯ ಮೇಲೆ ಹಾರಿ ಕೂತಿತು. ಅವಳು ಅದನ್ನು ಓಡಿಸಲು ಕೈಯೆತ್ತಿದಳು; ಅವನ ಜೊತೆಗಿನ ಮಾತು ಮುಗಿದಿತ್ತು. ರತ್ನಾಕರ ಈ ಸಲ ಬೇಲಿ ಬಳಸಲಿಲ್ಲ. ಮನೆಯ ಪಕ್ಕದಿಂದ ನೇರವಾಗಿ ಅಂಗಳಕ್ಕೆ ಬಂದ, ಬೇಗ ಬೇಗ, ನಿಂತರೆ ಆಗುವುದಿಲ್ಲವೆಂದು ಗೊತ್ತಿದ್ದುದರಿಂದ.

ಚಪ್ಪರದ ಕೆಳಗೆ ಬಾಳೆಲೆ ಸಾಲಾಗಿ ಬಿದ್ದಿತ್ತು. ಮಂಜನೂ ಸೋಮನ ಅಣ್ಣನೂ ಅಕ್ಕಪಕ್ಕ ಕೂತಿದ್ದರು. ಸೋಮನ ಅಣ್ಣನ ಎಲೆಗೆ ಮಂಜ ತನ್ನ ಕೈಯಿಂದ ಅನ್ನ ಬಡಿಸಿ ಆಗಷ್ಟೇ ಕೂತಿದ್ದ. ಸೋಮನ ಅಣ್ಣ ಅದನ್ನು ಕಲಸುತ್ತಿದ್ದ, ತಲೆ ತಗ್ಗಿಸಿ, ಹಸಿದವನ ಹಾಗೆ. ಬಹಳ ದಿನದಿಂದ ಸರಿಯಾಗಿ ಉಂಡವನಂತೆ ಕಾಣಲಿಲ್ಲ. ಅಲ್ಲಿ ಒಂದು ಬಗೆಯ ಶಾಂತಿ ಇತ್ತು. ಬಡಿಸುವವರ ಮೆಲುದನಿ, ಎಲೆಗಳ ಮೇಲೆ ಬೆರಳುಗಳ ಸದ್ದು. ಇಷ್ಟು ಹೊತ್ತಿನೊಳಗೆ ಊರು ತನ್ನ ಗಾಯಕ್ಕೆ ಬಟ್ಟೆ ಕಟ್ಟಿಕೊಂಡಿತ್ತು. ತಾನು ಈಗ ಬಾಯಿ ತೆರೆದರೆ ಆ ಅನ್ನ ಗಂಟಲಲ್ಲಿ ನಿಲ್ಲುತ್ತದೆ, ಈ ಇಬ್ಬರೂ ಎಲೆಯಿಂದ ಏಳುತ್ತಾರೆ.

"ಎಂತ ಐತಾಳ್ರೇ?" ದುಗ್ಗಪ್ಪ ಕಂಡು ಕೇಳಿದ. "ಎಂತಾರೂ ಮರ್ತ್ರ್ಯಾ?"

"ನನ್ನ್ ಕೊಡಿ" ಎಂದ ರತ್ನಾಕರ. "ಕೊಡಿ ಮರ್ತೆ."

ಅವನು ಕೊಡೆ ತಂದಿರಲಿಲ್ಲ.

ದುಗ್ಗಪ್ಪ ಎದ್ದ. ಬೇಡವೆಂದರೂ ಎದ್ದ. ಆ ಕುರ್ಚಿಯ ಹಿಂದೆ ನೋಡಿದ, ಬಗ್ಗಿ ಕೆಳಗೆ ನೋಡಿದ, ಮಡಚಿಟ್ಟ ಚಾಪೆಗಳನ್ನು ಎತ್ತಿ ನೋಡಿದ. "ಐತಾಳ್ರ ಕೊಡಿ ಕಂಡ್ರ್ಯಾ ಯಾರಾರೂ?" ಎಂದು ಕೂಗಿದ. ಬಡಿಸುತ್ತಿದ್ದ ಇಬ್ಬರು ಪಾತ್ರೆ ಕೆಳಗಿಟ್ಟು ಹುಡುಕಲು ಬಂದರು. ಮಂಜ ಎಡಗೈಯಿಂದ ತನ್ನ ಹಿಂದೆ ತಡವಿ ನೋಡಿದ. ರತ್ನಾಕರನೂ ಬಗ್ಗಿದ. ಕುರ್ಚಿಯ ಕೆಳಗೆ, ಕಂಬದ ಹಿಂದೆ, ಸೌದೆಯ ರಾಶಿಯ ಸಂದಿಯಲ್ಲಿ ಹುಡುಕಿದ. ಎಲ್ಲರಿಗಿಂತ ಹೆಚ್ಚು ಆತುರದಿಂದ, ಒಂದೊಂದು ಜಾಗವನ್ನೂ ಎರಡೆರಡು ಸಲ, ಮೈಯೆಲ್ಲ ಬೆವರಿ. ಬಗ್ಗಿದಲ್ಲೇ ಇದ್ದರೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

"ಇಲ್ಲಿತ್ತ್, ಇಲ್ಲಿತ್ತ್!" ಗುಣವತಿಯ ತಾಯಿ ಒಳಗಿನಿಂದ ತಡವರಿಸುತ್ತ ಬಂದಳು. ಕೈಯಲ್ಲಿ ಮರದ ಹಿಡಿಯ ಕರಿ ಕೊಡೆ. "ಬಾಗ್ಲ ಸಂದಿಯಂಗೆ ಇದ್ದಿತ್ತ್. ಹೆಣ್ಣೆ, ಇದ್ ಇವ್ರದ್ದೇ ಅಲ್ದಾ? ನಂಗೆ ಕಣ್ಣ್ ಕಾಂತಿಲ್ಲೆ."

ಗುಣವತಿ ಹಿಂಬಾಗಿಲಿನಿಂದ ಒಳಗೆ ಬಂದು ಚೌಕಟ್ಟಿಗೆ ಕೈಯೂರಿ ನಿಂತಿದ್ದಳು. ಕೊಡೆಯನ್ನು ನೋಡಿದಳು. ಆಮೇಲೆ ರತ್ನಾಕರನನ್ನು, ಮೊಣಕಾಲ ಮೇಲೆ ಕೈಯಿಟ್ಟು ಅರ್ಧ ಎದ್ದು ನಿಂತವನನ್ನು, ಎಷ್ಟೋ ಹೊತ್ತು ನೋಡಿದಳು.

"ಹೌದ್" ಎಂದಳು. "ಅವ್ರದ್ದೇ. ಕೊಡ್."

ಮುದುಕಿ ಕೊಟ್ಟಳು, ರತ್ನಾಕರ ತೆಗೆದುಕೊಂಡ. ಹಿಡಿ ಸವೆದು ನುಣ್ಣಗಾಗಿತ್ತು, ಬೇರೆ ಕೈಯ ಅಳತೆಗೆ. ಬಟ್ಟೆಯ ಅಂಚಿನಲ್ಲಿ ಕೊಡೆ ರಿಪೇರಿಯವನು ಬಿಳಿ ನೂಲಿನಿಂದ ಹೊಲಿದ ಅಕ್ಷರ ಇತ್ತು: ಪಾಂಡು, ಶಿರೂರು. ದುಗ್ಗಪ್ಪನಿಗೆ ಓದು ಬರುತ್ತಿರಲಿಲ್ಲ. ಸಿಕ್ಕಿತಲ್ಲ ಎಂದು ಅವನು ಸಂತೋಷಪಟ್ಟು, ಅವನನ್ನು ದಣಪೆಯವರೆಗೂ ಬಂದು ಕಳುಹಿಸಿಕೊಟ್ಟು, "ಬಿಸ್ಲ್ ಜೋರಿತ್ತ್ ಐತಾಳ್ರೇ. ಕೈಯಂಗೆ ಹಿಡ್ಕಂಡ್ ಎಂತ ನಡೂದ್? ಬಿಡ್ಸಿ" ಎಂದ.

ರತ್ನಾಕರ ಕೊಡೆ ಬಿಡಿಸಿದ. ಮರಳಿನ ದಾರಿಯಲ್ಲಿ ಅದರ ನೆರಳಿನೊಳಗೆ ಕಾಲಿಡುತ್ತ ಮನೆಯ ಕಡೆ ನಡೆದ. ಎದುರಿನಿಂದ ಮಾಸ್ತರೊಬ್ಬರು ಬರುತ್ತಿದ್ದರು, ಓದು ಬಲ್ಲವರು. ಹತ್ತಿರವಾದಂತೆ ಅವರ ಕಣ್ಣು ಅವನ ಮುಖದಿಂದ ಮೇಲಕ್ಕೆ, ಕೊಡೆಯ ಅಂಚಿಗೆ, ಏರಿತು.